ದರ್ಬೆಯ ಚರಂಡಿ, ಬೈಲಿನ ಕೆರೆ

ಕೆರೆಗಳನ್ನು ಉಳಿಸಬೇಕೆಂಬ ಮಾತಿಗೆ ಇಂದು ವಿರೋಧಿಗಳೇ ಇಲ್ಲ. ಮಂತ್ರಿಗಳು ಅದನ್ನು ಹೇಳುತ್ತಾರೆ, ಅಧಿಕಾರಿಗಳು ಹೇಳುತ್ತಾರೆ, ಕೆರೆಯ ಮಗ್ಗುಲಿಗೆ ಮಣ್ಣು ತುಂಬಿಸಿ ಕಟ್ಟಡವೆಬ್ಬಿಸಿದವರೂ ಸಭೆಯಲ್ಲಿ ಕುಳಿತು ತಲೆದೂಗುತ್ತಾರೆ. ಹಣ ಮಂಜೂರಾಗುವುದೂ ಉಂಟು. ಆ ಹಣದಿಂದ ದಂಡೆಗೆ ಕಲ್ಲು ಕಟ್ಟುತ್ತಾರೆ, ಸುತ್ತಲೂ ಬೇಲಿ ಹಾಕುತ್ತಾರೆ, ಸಂಜೆಯ ಹೊತ್ತು ಅಡ್ಡಾಡುವವರಿಗೆ ಹಾದಿ ಮಾಡಿ ದೀಪದ ಕಂಬ ನೆಡುತ್ತಾರೆ, ಶಿಲಾಫಲಕದಲ್ಲಿ ಹೆಸರುಗಳನ್ನು ಕೆತ್ತಿಸುತ್ತಾರೆ. ಆದರೆ ಆ ಕೆರೆಗೆ ಬಂದು ಬೀಳುವ ನೀರು ಯಾವ ಬಚ್ಚಲಿನದು, ಯಾವ ಹೋಟೆಲಿನ ಅಡುಗೆಮನೆಯದು, ಯಾವ ವಸತಿ ಕಟ್ಟಡದ ಹೊಂಡದ್ದು ಎಂದು ಕೇಳುವವರು ಕಡಮೆ. ಆ ಪ್ರಶ್ನೆಯನ್ನು ಈ ವಾರ ಪುತ್ತೂರಿನ ಮಹಾಜನರ ಮುಂದೆ, ವಿಶೇಷವಾಗಿ ದರ್ಬೆಯ ಕಡೆಯ ನಮ್ಮ ವಾಚಕರ ಮುಂದೆ ಇಡಲು ಬಯಸುತ್ತೇವೆ.

ಪುತ್ತೂರು ಕೆರೆಯ ಕಥೆಯಿಂದಲೇ ಹೆಸರು ಪಡೆದ ಊರು. ಹತ್ತೂರ ಒಡೆಯನೆಂದು ಜನ ಕರೆಯುವ ಮಹಾಲಿಂಗೇಶ್ವರನ ದೇವಸ್ಥಾನದ ಕೆರೆಯನ್ನು ಎಷ್ಟು ಅಗೆದರೂ ನೀರು ಬರಲಿಲ್ಲವೆಂದೂ, ಕೆರೆಯ ಒಳಗೇ ಅನ್ನಸಂತರ್ಪಣೆ ನಡೆಸಿದಾಗ ನೀರುಕ್ಕಿ ಎಲೆಯ ಮೇಲಿನ ಅಗುಳುಗಳು ಮುತ್ತಾದುವೆಂದೂ, ಮುತ್ತೂರೇ ಪುತ್ತೂರಾಯಿತೆಂದೂ ಐತಿಹ್ಯ. ನಂಬುವವರು ನಂಬಲಿ, ಬಿಡುವವರು ಬಿಡಲಿ. ಈ ನೆಲದಲ್ಲಿ ನೀರು ದೊರಕಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಬಲ್ಲವರು ಕಟ್ಟಿದ ಕಥೆ ಅದು. ಘಟ್ಟದ ಮೇಲಿನ ಸೀಮೆಗಳಂತೆ ನಮ್ಮಲ್ಲಿ ನೂರಾರು ಎಕರೆಯ ಕೆರೆಗಳಿಲ್ಲ. ಗುಡ್ಡದ ಮೇಲಿನ ಮದಕ, ಅಡಿಕೆ ತೋಟದ ನಡುವಿನ ಕೆರೆ, ಮಳೆ ನಿಂತ ಮೇಲೆ ತೋಡಿಗೆ ಹಾಕುವ ಕಟ್ಟ, ಹೊಳೆಯ ಕಿಂಡಿ ಅಣೆಕಟ್ಟಿನ ಹಿಂದೆ ನಿಲ್ಲುವ ನೀರು, ಇವೇ ನಮ್ಮ ಕೆರೆಗಳು. ಸಣ್ಣವಾದ್ದರಿಂದಲೇ ಇವು ಬೇಗ ಕೆಡುತ್ತವೆ. ದೊಡ್ಡ ಕೆರೆ ಹತ್ತು ವರುಷ ತಾಳಿಕೊಂಡೀತು. ತೋಟದ ಕೆರೆ ಒಂದು ಬೇಸಗೆಯನ್ನೂ ತಾಳಲಾರದು.

ಸ್ವಲ್ಪ ಲೆಕ್ಕ ಹಾಕೋಣ. 2011ರ ಜನಗಣತಿಯ ವೇಳೆಗೇ ಪುತ್ತೂರು ಪೇಟೆಯ ಜನಸಂಖ್ಯೆ 50,000ವನ್ನು ದಾಟಿತ್ತು. ತಲೆಗೆ ದಿನಕ್ಕೆ 100 ಲೀಟರು ನೀರೆಂದು ಹಿಡಿದರೂ ದಿನಕ್ಕೆ 50 ಲಕ್ಷ ಲೀಟರಾಯಿತು. ಬಳಸಿದ ನೀರಿನಲ್ಲಿ ನೂರಕ್ಕೆ 80 ಪಾಲು ಕೊಳೆಯಾಗಿ ಹೊರಬೀಳುತ್ತದೆಂಬುದು ಇಂಜಿನಿಯರರ ವಾಡಿಕೆಯ ಲೆಕ್ಕ. ಅಂದರೆ ದಿನ ಬೆಳಗಾದರೆ 40 ಲಕ್ಷ ಲೀಟರು ಕೊಳೆನೀರು ಎಲ್ಲಿಗಾದರೂ ಹೋಗಲೇಬೇಕು. ಹಿಂದೆ ಅದಕ್ಕೆ ಜಾಗವಿತ್ತು. ಬಚ್ಚಲ ನೀರು ತೆಂಗಿನ ಬುಡಕ್ಕೆ, ಪಾತ್ರೆ ತೊಳೆದ ನೀರು ಬಾಳೆಗೆ, ಕೆಸುವಿಗೆ ಹರಿಯುತ್ತಿತ್ತು. ಹಿತ್ತಿಲ ಮಣ್ಣು ಅದನ್ನು ಸೋಸಿ ಗಿಡಕ್ಕೆ ಉಣಿಸುತ್ತಿತ್ತು. ದರ್ಬೆಯಿಂದ ಬೊಳುವಾರಿನವರೆಗೆ ಈಗ ಎದ್ದುನಿಂತಿರುವ ಕಟ್ಟಡಗಳಿಗೆ ಹಿತ್ತಿಲೆಲ್ಲಿದೆ? ಕೆಲವೇ ಸೆಂಟ್ಸು ಜಾಗದಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರಿಸಿ, ಉಳಿದದ್ದಕ್ಕೆ ಕಾರು ನಿಲ್ಲಿಸಲೆಂದು ಕಾಂಕ್ರೀಟು ಹಾಕಿದ ಮೇಲೆ, ಮಳೆನೀರಿಗೆಂದು ತೆಗೆದ ಮಾರ್ಗದ ಬದಿಯ ಚರಂಡಿಯೊಂದೇ ಗತಿ. ಚರಂಡಿಗೆ ಬಿದ್ದದ್ದು ತೋಡಿಗೆ ಹೋಗುತ್ತದೆ, ತೋಡಿಗೆ ಬಿದ್ದದ್ದು ಬೈಲಿನವನ ಕೆರೆಗೆ. ಬೈಲಿನವನು ಪೇಟೆಯವನಲ್ಲವಾದ್ದರಿಂದ ನಗರಸಭೆಯಲ್ಲಿ ಅವನಿಗೆ ಮತವಿಲ್ಲ.

ಕೊಳೆನೀರು ಬಿದ್ದರೆ ಕೆರೆಗೆ ನಿಜವಾಗಿ ಆಗುವುದೇನು? ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ನಮ್ಮ ಸೀಮೆಯ ಸೆಕೆಗೆ ಒಂದು ಲೀಟರು ಶುದ್ಧ ನೀರಿನಲ್ಲಿ ಅದು ಏಳೆಂಟು ಮಿಲಿಗ್ರಾಮಿನಷ್ಟು ಮಾತ್ರ ನಿಲ್ಲುತ್ತದೆ. ಊರಿನ ಕೊಳೆನೀರಾದರೋ, ಲೀಟರೊಂದರಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಕರಗಿಸಬೇಕಾದರೆ 200 ಮಿಲಿಗ್ರಾಮು, ಕೆಲವೊಮ್ಮೆ ಅದಕ್ಕೂ ಹೆಚ್ಚು ಆಮ್ಲಜನಕವನ್ನು ಬೇಡುತ್ತದೆ. ಒಂದು ಕೊಡಪಾನ ಚರಂಡಿ ನೀರು ಇಪ್ಪತ್ತೈದು ಕೊಡಪಾನ ಕೆರೆನೀರಿನ ಉಸಿರನ್ನು ನುಂಗಿಬಿಡುತ್ತದೆಂದಾಯಿತು. ಹರಿಯುವ ಹೊಳೆ ಗಾಳಿಯಿಂದ ಮತ್ತೆ ಒಂದಿಷ್ಟು ಉಸಿರನ್ನು ಪಡೆದುಕೊಳ್ಳುತ್ತದೆ. ನಿಂತ ಕೆರೆಗೆ ಅಷ್ಟು ಬೇಗ ಅದು ಸಾಧ್ಯವಿಲ್ಲ. ಇದರ ಮೇಲೆ ಸೋಪಿನ ಪುಡಿಯ ರಂಜಕ, ಮೂತ್ರದ ಸಾರಜನಕ ಸೇರಿದರೆ ಪಾಚಿ ಹಬ್ಬುತ್ತದೆ, ಅಂತರಗಂಗೆ ಮುಚ್ಚಿಕೊಳ್ಳುತ್ತದೆ, ಬಿಸಿಲು ತಳಕ್ಕಿಳಿಯುವುದಿಲ್ಲ. ಕೊನೆಗೆ ಉಳಿಯುವುದು ಕಪ್ಪು ರಾಡಿ ಮತ್ತು ಸೊಳ್ಳೆ. ಇಂಥ ಕೆರೆಯ ದಂಡೆಯಲ್ಲಿ ದೀಪದ ಕಂಬ ನೆಟ್ಟರೆ ಆ ರಾಡಿ ರಾತ್ರಿಯೂ ಕಾಣಿಸುವುದೆಂಬುದೊಂದೇ ಲಾಭ.

ಮಳೆಗಾಲ ಬಂದರೆ ಎಲ್ಲವೂ ಕೊಚ್ಚಿಹೋಗುತ್ತದೆಂಬ ಭರವಸೆ ನಮ್ಮವರಿಗೆ ಬಹಳ. ವರುಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನವರಿಗೆ ಆ ಭರವಸೆ ಸಹಜ. ಆದರೆ ಕೊಚ್ಚಿಹೋದದ್ದು ಎಲ್ಲಿಗೆ ಹೋಗುತ್ತದೆ? ಪುತ್ತೂರು ಕುಡಿಯುವ ನೀರು ಬರುವುದು ಉಪ್ಪಿನಂಗಡಿಯ ಹತ್ತಿರ ನೆಕ್ಕಿಲಾಡಿಯಲ್ಲಿ, ಕುಮಾರಧಾರೆಗೆ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಆ ಹೊಳೆ ಮೇಲೆ ಸುಬ್ರಹ್ಮಣ್ಯವನ್ನು ಹಾದು ಬರುತ್ತದೆ. ವರುಷವಿಡೀ ಯಾತ್ರಿಕರು ಬಂದು ಮೀಯುವ ಕ್ಷೇತ್ರವದು. ಉಪ್ಪಿನಂಗಡಿಯಲ್ಲಿ ಅದು ನೇತ್ರಾವತಿಯನ್ನು ಕೂಡಿಕೊಂಡು ಬಂಟ್ವಾಳವನ್ನು ದಾಟಿ ತುಂಬೆಯಲ್ಲಿ ಮಂಗಳೂರಿನ ಕೊಡಪಾನಕ್ಕೆ ಬೀಳುತ್ತದೆ. ಮೇಲಿನ ಊರು ಬಿಟ್ಟದ್ದನ್ನು ಕೆಳಗಿನ ಊರು ಕುಡಿಯಬೇಕು. ಸುಬ್ರಹ್ಮಣ್ಯದಲ್ಲಿ ಶುಚಿತ್ವ ಬೇಕೆಂದು ಕೇಳುವ ಪುತ್ತೂರಿನವನು ತನ್ನ ಕೆಳಗಿನ ಬೈಲಿನವನಿಗೆ ಅದೇ ನ್ಯಾಯವನ್ನು ಸಲ್ಲಿಸಬೇಡವೆ?

ಚರಂಡಿಯ ಮಾತಾಯಿತು, ಕಣ್ಣಿಗೆ ಬೀಳದ್ದು ಇನ್ನೊಂದಿದೆ. ನಮ್ಮ ಸಣ್ಣ ಪೇಟೆಗಳಲ್ಲಿ ಬಹುಪಾಲು ಮನೆಗಳ ಕಕ್ಕಸಿನ ನೀರು ಇಳಿಯುವುದು ಅದೇ ಜಾಗದ ಹೊಂಡಕ್ಕೆ. ಅದರ ಆಚೆಗೆ ಬಾವಿ. ಬೇಲಿಯ ಆಚೆಗೆ ನೆರೆಮನೆಯವರ ಬಾವಿ. ನೆಲವೋ ಮುರಕಲ್ಲಿನದು, ತೂತು ತೂತಾದ ಕಲ್ಲು. ಹತ್ತು ವರುಷವಾದರೂ ತಮ್ಮ ಹೊಂಡ ತುಂಬಲಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಮನೆಯವರುಂಟು. ತುಂಬದ ಹೊಂಡ ಎಲ್ಲಿಗೋ ಸೋರುತ್ತಿದೆ ಎಂದೇ ಅರ್ಥ. ಮಳೆಗಾಲದಲ್ಲಿ ನೆಲದೊಳಗಿನ ನೀರು ಮೇಲೇರಿದಾಗ ಹೊಂಡಕ್ಕೂ ಬಾವಿಗೂ ನಡುವಿನ ಅಂತರ ಇಲ್ಲವೆಂಬಷ್ಟು ಕಡಮೆಯಾಗುತ್ತದೆ. ವಾಂತಿಭೇದಿ, ಕಾಮಾಲೆ, ವಿಷಮಶೀತ ಜ್ವರಗಳು ಹರಡುವ ದಾರಿ ಇದು. ಉಳ್ಳವರು ನೀರು ಸೋಸುವ ಯಂತ್ರ ಇಡುತ್ತಾರೆ, ಕ್ಯಾನಿನ ನೀರು ತರಿಸುತ್ತಾರೆ. ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸು, ಎಣ್ಣೆಮಿಲ್ಲಿನ ಆಳು, ಬೀಡಿ ಕಟ್ಟುವವರು ಬಾವಿಯ ನೀರನ್ನೇ ಕುಡಿಯಬೇಕು. ಅವರು ಹತ್ತು ದಿನ ಮಲಗಿದರೆ ಹತ್ತು ದಿನದ ಕೂಲಿ ಹೋಯಿತು. ಔಷಧಿಯ ಸಾಲ ಬೇರೆ. ಕೊಳೆನೀರಿನ ಪ್ರಶ್ನೆಯು ಊರಿನ ಅಂದಚಂದದ ಪ್ರಶ್ನೆಯಾಗಿ ಕಾಣುವುದು ಕ್ಯಾನಿನ ನೀರು ಕುಡಿಯುವವರಿಗೆ ಮಾತ್ರ. ದುಡಿಯುವವರಿಗೆ ಅದು ಕೂಲಿಯ ಪ್ರಶ್ನೆ.

ಹಾಗಾದರೆ ತುಂಬುವ ಹೊಂಡಗಳ ಗತಿಯೇನು? ಹೊಂಡ ಬರಿದು ಮಾಡುವ ಲಾರಿಗೆ ಹೇಳಿಕಳುಹಿಸುತ್ತಾರೆ. ಲಾರಿ ಬಂದು ಹೀರಿಕೊಂಡು ಹೋಗುತ್ತದೆ, ಹಣ ಕೊಟ್ಟವನಿಗೆ ನಿಶ್ಚಿಂತೆ. ಆಮೇಲೆ ಆ ಲಾರಿ ಎಲ್ಲಿ ಬರಿದಾಯಿತೆಂದು ಯಾರೂ ಕೇಳುವುದಿಲ್ಲ. ಸುರಿಯಲು ಒಂದು ಅಧಿಕೃತ ಜಾಗವಿಲ್ಲದ ಊರಿನಲ್ಲಿ ರಾತ್ರಿ ಯಾವುದಾದರೊಂದು ತೋಡಿನ ಬದಿಯೇ ಅದಕ್ಕೆ ಜಾಗ. ಹೊಂಡದ ಹೂಳಿನ ಕಸುವು ಸಾಮಾನ್ಯ ಚರಂಡಿ ನೀರಿನ ಹತ್ತರಿಂದ ನೂರು ಪಟ್ಟು. 3,000 ಲೀಟರಿನ ಒಂದು ಲಾರಿ ತೋಡಿಗೆ ಬರಿದಾದರೆ ಕನಿಷ್ಠ 30,000 ಲೀಟರು ಕೊಳೆನೀರು ಬಿಟ್ಟ ಹಾಗೆ. ಲಾರಿಯ ಚಾಲಕನನ್ನು ಹಿಡಿದು ದಂಡ ಹಾಕಿ ಪತ್ರಿಕೆಗೆ ಚಿತ್ರ ಕೊಡುವುದು ಸುಲಭ. ಅವನಿಗೆ ಸುರಿಯಲು ಜಾಗ ಕೊಡದ ಆಡಳಿತಕ್ಕೆ ದಂಡ ಹಾಕುವವರಾರು?

ಈ ಹೂಳಿಗೆ ಉಪಾಯವಿದೆ, ಅದೂ ನಮ್ಮ ರಾಜ್ಯದಲ್ಲೇ ನಡೆದು ತೋರಿದ ಉಪಾಯ. ಬೆಂಗಳೂರಿನ ಉತ್ತರಕ್ಕಿರುವ ದೇವನಹಳ್ಳಿ, 2011ರಲ್ಲಿ 30,000ಕ್ಕಿಂತ ಕಡಮೆ ಜನರಿದ್ದ ಪಟ್ಟಣ. ಅಲ್ಲಿ 2015ರಲ್ಲಿ ಹೊಂಡದ ಹೂಳನ್ನು ಶುದ್ಧೀಕರಿಸುವ ಘಟಕವೊಂದು ಆರಂಭವಾಯಿತು. ಊರಿಗೆ ಊರೇ ಬಳಸುವ ಇಂಥ ಘಟಕ ದೇಶದಲ್ಲೇ ಮೊದಮೊದಲಿನವುಗಳಲ್ಲೊಂದು. ದೊಡ್ಡ ಯಂತ್ರಗಳೇನೂ ಇಲ್ಲ. ಲಾರಿ ತಂದ ಹೂಳನ್ನು ಮೊದಲು ಜಾಲರಿಯಲ್ಲಿ ಸೋಸಿ, ಗಾಳಿಯಾಡದ ತೊಟ್ಟಿಗಳಲ್ಲಿ ಕೊಳೆಯಿಸಿ, ಗಟ್ಟಿಯಾದದ್ದನ್ನು ಮರಳಿನ ಪಾತಿಗಳ ಮೇಲೆ ಒಣಗಿಸುತ್ತಾರೆ. ಬಸಿದ ನೀರು ಗಿಡ ನೆಟ್ಟ ಜಲ್ಲಿಯ ಹಾಸಿನ ಮೂಲಕ ಹಾದು ತಿಳಿಯಾಗುತ್ತದೆ. ನೀರು ಇಳಿಜಾರಿನಲ್ಲಿ ತಾನಾಗಿ ಹರಿಯುವುದರಿಂದ ವಿದ್ಯುತ್ತಿನ ಖರ್ಚು ಅತ್ಯಲ್ಪ. ಒಣಗಿದ ಹೂಳನ್ನು ಊರಿನ ಹಸಿಕಸದೊಂದಿಗೆ ಕೂಡಿಸಿ ಗೊಬ್ಬರ ಮಾಡಿ ರೈತರಿಗೆ ಕೊಡುವ ಏರ್ಪಾಟು. ದಿನಕ್ಕೆ 6,000 ಲೀಟರು ಅದರ ಅಳತೆ.

ಪುತ್ತೂರಿಗೆ ಅಷ್ಟು ಸಾಲದು. ನಮ್ಮ ಕೈಲೆಕ್ಕ ಹೀಗಿದೆ: 12,000 ಮನೆಗಳೆಂದು ಹಿಡಿದು, ನಿಯಮದಂತೆ ಮೂರು ವರುಷಕ್ಕೊಮ್ಮೆ ಹೊಂಡ ಬರಿದು ಮಾಡಿದರೆ ವರುಷಕ್ಕೆ 4,000 ಹೊಂಡಗಳು, ಕೆಲಸದ ದಿನವೊಂದಕ್ಕೆ ಹದಿಮೂರು ಲಾರಿ, ಸುಮಾರು 40,000 ಲೀಟರು. ದೇವನಹಳ್ಳಿಯ ಆರೇಳು ಪಟ್ಟು. ಇನ್ನೂ ಒಂದು ವ್ಯತ್ಯಾಸ. ದೇವನಹಳ್ಳಿಯಲ್ಲಿ ಬೀಳುವುದು ನಮ್ಮ ಮಳೆಯ ಕಾಲು ಪಾಲು. ಅಲ್ಲಿನ ನಕಾಶೆಯನ್ನು ಹಾಗೆಯೇ ಇಲ್ಲಿಗೆ ತಂದು ತೆರೆದ ಪಾತಿ ಕಟ್ಟಿದರೆ ಜೂನಿನಿಂದ ಸಪ್ಟಂಬರದ ತನಕ ಅದು ಇನ್ನೊಂದು ಕೆರೆಯಾದೀತು. ಇಲ್ಲಿ ಪಾತಿಗಳಿಗೆ ಮಾಡು ಬೇಕು, ಅಡಿಕೆಯ ಸೋಲಾರು ಗೂಡಿನಂತೆ. ಅಡಿಕೆ ಒಣಗಿಸಬಲ್ಲವರಿಗೆ ಇದು ಕಲಿಯಲಾಗದ ವಿದ್ಯೆಯಲ್ಲ. ಗೊಬ್ಬರವನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ. ದರ್ಬೆ ಅಂಚೆಯ ವಿಳಾಸದಲ್ಲೇ ಕೇಂದ್ರ ಸರಕಾರದ ಗೇರು ಸಂಶೋಧನಾ ನಿರ್ದೇಶನಾಲಯವಿದೆ. ಅಲ್ಲಿನ ವಿಜ್ಞಾನಿಗಳ ನೆರವನ್ನು ನಗರಸಭೆ ಕೇಳಬಾರದೇಕೆ?

ಈ ಕೆಲಸ ಮಾಡುವ ಮನುಷ್ಯರ ಮಾತನ್ನು ಬಿಟ್ಟು ಕೆರೆಯ ಮಾತನ್ನಷ್ಟೇ ಆಡುವುದು ನಮಗೆ ಒಪ್ಪಿಗೆಯಿಲ್ಲ. ತಲೆಯ ಮೇಲೆ ಮಲ ಹೊರುವ ಅನಿಷ್ಟವನ್ನು ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಮಂತ್ರಿಯಾಗಿದ್ದಾಗ ನಿಷೇಧಿಸಿದರು. ನಲವತ್ತು ವರುಷಗಳ ಬಳಿಕ, 2013ರಲ್ಲಿ, ಹೊಂಡಕ್ಕೂ ಒಳಚರಂಡಿಗೂ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸಬಾರದೆಂದು ಪಾರ್ಲಿಮೆಂಟು ಮತ್ತೆ ಕಾಯಿದೆ ಮಾಡಬೇಕಾಯಿತು. ಅದಾದ ಮೇಲೂ ಜನ ಹೊಂಡದ ವಿಷಗಾಳಿಗೆ ಸತ್ತರು. 2023ರ ಅಕ್ಟೋಬರದಲ್ಲಿ ಸುಪ್ರೀಮ್ ಕೋರ್ಟು ಇಂಥ ಸಾವಿಗೆ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಪರಿಹಾರ ಏರಿತು, ಇಳಿಯುವವನ ಜಾತಿ ಮಾತ್ರ ಬದಲಾಗಲಿಲ್ಲ. ಹೀರುವ ಲಾರಿಗಳನ್ನು ಖಾಸಗಿ ಗುತ್ತಿಗೆದಾರರ ಕೈಗೆ ಬಿಡುವ ಬದಲು ಪೌರಕಾರ್ಮಿಕರದೇ ಒಂದು ಸಹಕಾರಿ ಸಂಘಕ್ಕೆ, ನಗರಸಭೆಯ ಸಾಲದ ಖಾತರಿಯೊಂದಿಗೆ, ಏಕೆ ವಹಿಸಬಾರದು? ಮೊಳಹಳ್ಳಿ ಶಿವರಾಯರು ಕಳೆದ ಶತಮಾನದ ಆರಂಭದಲ್ಲಿ ಜಿಲ್ಲೆಗೆ ಸಹಕಾರದ ಪಾಠ ಹೇಳಿದ್ದು ಇದೇ ಪುತ್ತೂರಿನಿಂದ. ಅಡಿಕೆ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿಕೊಂಡು ವ್ಯಾಪಾರಿಗಳ ಹಿಡಿತದಿಂದ ಪಾರಾದರು. ಬೆಳೆಗಾರರಿಗೆ ಒದಗಿದ ಸಹಕಾರ ಪೌರಕಾರ್ಮಿಕರಿಗೂ ಒದಗಲಿ.

ಇಲ್ಲಿ ಕೆಲವರು ಕೇಳುತ್ತಾರೆ: ಇದೆಲ್ಲ ಏಕೆ, ಊರಿಗೆಲ್ಲ ಒಳಚರಂಡಿಯ ಕೊಳವೆ ಹಾಕಿಸಿದರೆ ಮುಗಿಯಲಿಲ್ಲವೆ? ಕೊಳವೆ ಹಾಕಿಸಿದ ಊರುಗಳನ್ನು ನೋಡೋಣ. ನಮ್ಮ ಜಿಲ್ಲಾ ಕೇಂದ್ರವಾದ ಮಂಗಳೂರಿನಲ್ಲಿ ಒಳಚರಂಡಿ ಇದೆ, ಶುದ್ಧೀಕರಣದ ಘಟಕಗಳಿವೆ. ಜೆಪ್ಪುವಿನ ಗುಜ್ಜರಕೆರೆಯ ದಂಡೆಗೆ ಕೋಟಿಗಟ್ಟಲೆ ಹಣವೂ ಸುರಿದಿದೆ. ಆದರೂ ಒಳಚರಂಡಿಯ ಸೋರಿಕೆ ಕೆರೆಗೇ ಬರುತ್ತದೆಂದು ಅಲ್ಲಿನ ನಿವಾಸಿಗಳು ವರುಷಗಟ್ಟಲೆ ದೂರಿದರು. ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನಂತೂ ದೇಶವೇ ನೋಡಿದೆ: 2015ರಲ್ಲಿ ನೊರೆ ಮಾರ್ಗಕ್ಕೆ ಹಾರಿತು, ಕೆರೆಗೆ ಬೆಂಕಿ ಬಿತ್ತು, 2017ರಲ್ಲಿ, 2018ರಲ್ಲಿ ಮತ್ತೆ ಬೆಂಕಿ. 2018ರ ಡಿಸಂಬರದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರಕಾರಕ್ಕೆ 50 ಕೋಟಿ, ಬೆಂಗಳೂರಿನ ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ವಿಧಿಸಿತು. ಆ ದಂಡವೂ ತೆರಿಗೆ ಕೊಡುವ ಜನರ ಹಣವೇ.

ಮಗ್ಗದ ಊರಾದ ದೊಡ್ಡಬಳ್ಳಾಪುರದ ಕಥೆ ನಮ್ಮ ಕಾರ್ಮಿಕ ವಾಚಕರು ಗಮನಿಸತಕ್ಕದ್ದು. ನಗರದ ಕೊಳೆನೀರು, ಕೈಗಾರಿಕಾ ಪ್ರದೇಶದ ತ್ಯಾಜ್ಯದೊಂದಿಗೆ ಕೂಡಿ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳನ್ನು ಕೆಡಿಸಿತೆಂದು ಆ ಗ್ರಾಮಗಳ ಜನ ಬೀದಿಗಿಳಿದು ಹೋರಾಡಿದರು. ಇಂಥಲ್ಲಿ ಮಾಲಿಕರು ಕಾರ್ಮಿಕರ ಕಿವಿಯಲ್ಲಿ ಊದುವ ಮಾತೊಂದಿದೆ: ಕೆರೆಯ ಗಲಾಟೆ ಹೆಚ್ಚಾದರೆ ಕಾರ್ಖಾನೆ ಮುಚ್ಚಬೇಕಾದೀತು, ನಿಮ್ಮ ಕೆಲಸ ಹೋದೀತು ಎಂದು. ತ್ಯಾಜ್ಯವನ್ನು ಶುದ್ಧೀಕರಿಸುವುದು ಉತ್ಪಾದನೆಯ ಖರ್ಚಿನ ಒಂದು ಭಾಗ. ಅದನ್ನು ಉಳಿಸಿ ಲಾಭದ ಖಾತೆಗೆ ಬರೆದುಕೊಂಡವರು ರೈತನನ್ನೂ ಕಾರ್ಮಿಕನನ್ನೂ ಎದುರುಬದುರು ನಿಲ್ಲಿಸಿ ತಾವು ಪಕ್ಕಕ್ಕೆ ಸರಿಯುತ್ತಾರೆ. ಕಾರ್ಮಿಕ ಸಂಘಗಳು ಈ ಬಲೆಗೆ ಬೀಳಬಾರದು.

ಪುತ್ತೂರಿನಂಥ ಏರಿಳಿತದ ಊರಿಗೆ ಕೊಳವೆ ಹಾಕುವುದು ದುಬಾರಿ, ತಡ. ಅದು ಬರುವಾಗ ಬರಲಿ. ಅದಕ್ಕೆ ಕಾದು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಮೊದಲು ಹೂಳಿನ ಘಟಕವಾಗಲಿ. ಅದರ ಜೊತೆಜೊತೆಗೆ, ಪೇಟೆಯ ಚರಂಡಿಗಳು ತೋಡಿಗೆ ಬೀಳುವ ಕಡೆಗಳಲ್ಲಿ ಬೇಸಗೆಯ ಹರಿವನ್ನು ತಡೆದು ಜಲ್ಲಿಹಾಸಿನ ಸಣ್ಣ ಸಣ್ಣ ಘಟಕಗಳಿಗೆ ತಿರುಗಿಸಬೇಕು. ಮಳೆಗಾಲದ ಪ್ರವಾಹವನ್ನು ಇವು ತಾಳಲಾರವೆಂಬುದು ನಿಜ. ಆದರೆ ಕೆರೆ ಸಾಯುವುದು ನೀರು ಕಡಮೆಯಾದ ಜನವರಿಯಿಂದ ಮೇ ತಿಂಗಳವರೆಗಿನ ಕಾಲದಲ್ಲಿ, ಆಗ ಇವು ಕೆಲಸ ಮಾಡಿದರೆ ಸಾಕು. ದೊಡ್ಡ ವಸತಿ ಕಟ್ಟಡ, ಆಸ್ಪತ್ರೆ, ಕಲ್ಯಾಣಮಂಟಪಗಳು ತಮ್ಮ ನೀರನ್ನು ತಮ್ಮ ಜಾಗದಲ್ಲೇ ಶುದ್ಧೀಕರಿಸಬೇಕು. ಹಾಗೆ ಮಾಡದ ಕಟ್ಟಡಕ್ಕೆ ಪರವಾನಿಗೆ ಕೊಡಬಾರದು. ಹೊಳೆಗೂ ಬಾವಿಗೂ ಕೊಳೆ ಬಿಡುವುದು 1974ರ ಜಲ ಕಾಯಿದೆಯ ಪ್ರಕಾರವೇ ಅಪರಾಧ. ಹೊಸ ಕಾನೂನಿಗೆ ಕಾಯಬೇಕಿಲ್ಲ.

ಸಣ್ಣ ವ್ಯಾಪಾರಿಗಳ ಬಗ್ಗೆ ಒಂದು ಮಾತು. ಇಂಥ ಅಭಿಯಾನ ಶುರುವಾದಾಗ ಮೊದಲ ದಂಡ ಬೀಳುವುದು ಚಾದ ಅಂಗಡಿಗೆ, ಮೀನಿನ ಅಂಗಡಿಗೆ. ನಾಲ್ಕು ಮೇಜಿನ ಹೋಟೆಲಿನವನು ಪಾತ್ರೆ ತೊಳೆದ ನೀರಿನ ಜಿಡ್ಡನ್ನು ತಡೆಯಲು ಒಂದು ಸಣ್ಣ ತೊಟ್ಟಿ ಕಟ್ಟಿಸಿದರೆ ಸಾಕು. ಅದಕ್ಕೆ ನಗರಸಭೆ ನಕಾಶೆ ಕೊಡಲಿ, ಆರು ತಿಂಗಳ ಗಡುವು ಕೊಡಲಿ, ಆಮೇಲೆ ದಂಡದ ಮಾತಾಡಲಿ. ಹೂಳೆತ್ತುವ ಶುಲ್ಕವೂ ಮನೆಯ ಅಳತೆಗೆ ತಕ್ಕಂತಿರಬೇಕು. ಮೂರು ಸೆಂಟ್ಸು ಜಾಗದ ಮನೆಗೂ ಮೂವತ್ತು ಮನೆಗಳ ಕಟ್ಟಡಕ್ಕೂ ಒಂದೇ ದರವೆಂಬ ಸಮಾನತೆ ನಮಗೆ ಬೇಡ.

ಹಣವಿಲ್ಲವೆಂಬ ಉತ್ತರ ಸಿದ್ಧವಾಗಿರುತ್ತದೆ. 2021ರ ಅಕ್ಟೋಬರ 1ರಂದು ಆರಂಭವಾದ ಸ್ವಚ್ಛ ಭಾರತ ಯೋಜನೆಯ ಎರಡನೆಯ ಘಟ್ಟದಲ್ಲಿ, ಒಂದು ಲಕ್ಷಕ್ಕಿಂತ ಕಡಮೆ ಜನಸಂಖ್ಯೆಯ ಊರುಗಳ ಕೊಳೆನೀರಿನ ಕೆಲಸಕ್ಕೆ ಕೇಂದ್ರದ ಪಾಲು ಅರ್ಧದಷ್ಟು ಎಂದು ಗೊತ್ತುಮಾಡಲಾಯಿತು. ಆ ಬಾಬಿನಲ್ಲಿ ಪುತ್ತೂರಿಗೆ ಏನು ಕೇಳಿದಿರಿ, ಏನು ಬಂತು, ಏನು ಖರ್ಚಾಯಿತು ಎಂದು ಸದಸ್ಯರನ್ನು ಕೇಳುವ ಹಕ್ಕು ಪ್ರತಿ ಮತದಾರನಿಗಿದೆ.

ಘಟಕ ಎಲ್ಲಿರಬೇಕೆಂಬುದೇ ಕೊನೆಗೆ ಜಗಳವಾಗುವ ವಿಷಯ. ಬೇಕೆಂದು ಎಲ್ಲರೂ ಹೇಳುತ್ತಾರೆ, ತಮ್ಮ ಪಕ್ಕದಲ್ಲಿ ಬೇಡವೆಂದೂ ಎಲ್ಲರೂ ಹೇಳುತ್ತಾರೆ, ಆಗ ಅದು ಧ್ವನಿಯಿಲ್ಲದವರ ಕಾಲನಿಯ ಪಕ್ಕಕ್ಕೆ ಹೋಗಿ ಬೀಳುತ್ತದೆ. ಕಸದ ವಿಷಯದಲ್ಲಿ ಹೀಗಾದದ್ದನ್ನು ಅನೇಕ ಊರುಗಳಲ್ಲಿ ಕಂಡಿದ್ದೇವೆ. ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ 2019ರ ಆಗಸ್ಟಿನ ಮಳೆಗೆ ಜರಿದು ಮಂದಾರದ ತೋಟ ಮನೆಗಳ ಮೇಲೆ ಬಂದಿತು. ಆದುದರಿಂದ ಜಾಗವನ್ನು ಗೊತ್ತುಮಾಡುವ ಮೊದಲು ಆ ಜಾಗದ ಕೆಳಗಿನ ಬೈಲಿನವರನ್ನು, ಅವರು ನಗರದ ಗಡಿಯ ಹೊರಗಿನವರಾದರೂ, ಕರೆದು ಸಭೆ ನಡೆಸಬೇಕು. ಸುತ್ತಲಿನ ಬಾವಿಗಳ ನೀರನ್ನು ಘಟಕ ಕಟ್ಟುವ ಮೊದಲೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಪಂಚಾಯತಿನ ಬಾಗಿಲಿಗೆ ಅಂಟಿಸಬೇಕು. ಮತ್ತು ಈ ತಿಂಗಳಿನಿಂದಲೇ, ಒಂದು ಪೈಸೆಯ ಖರ್ಚಿಲ್ಲದೆ ಮಾಡಬಹುದಾದ ಕೆಲಸ: ಹೊಂಡ ಬರಿದು ಮಾಡುವ ಪ್ರತಿಯೊಂದು ಲಾರಿ ಯಾವ ಮನೆಯಿಂದ ತುಂಬಿಕೊಂಡಿತು, ಎಲ್ಲಿ ಬರಿದು ಮಾಡಿತು ಎಂಬ ದಾಖಲೆ ಪುಸ್ತಕವೊಂದನ್ನು ನಗರಸಭೆಯ ಕಚೇರಿಯಲ್ಲಿ ಯಾರು ಬೇಕಾದರೂ ನೋಡುವಂತೆ ಇಡಬೇಕು.